ಟೇಪು ಸುತ್ತಿ ಅಳೆದ ದೂರ

…ವಿಮಾನದಲ್ಲಿ ಐದೂವರೆ ಗಂಟೆ ಅಷ್ಟೇ ಕಣೇ! ನಗಬೇಡ, ಪಿನ್ನು ನುಂಗಿಬಿಟ್ಟೀಯ. ಬಾಯ್ತುಂಬ ಗುಂಡುಪಿನ್ನು ಇಟ್ಕೊಂಡು ಅಕ್ಕನ ಕೋಟಿನ ಅಂಚು ಮಡಿಸೋಳು ನಗಬಾರದು. ನಾನೂ ಸ್ಟೂಲಿನ ಮೇಲೆ ನೆಟ್ಟಗೆ ನಿಲ್ತೀನಿ. ನಿಂತೆ. ಸರೀನಾ?

ಒಳಗಡೆ ಎರಡು ಬೆರಳು ಬಟ್ಟೆ ಬಿಡು, ಸಾಕು. ನಾಲ್ಕು ಬೆರಳು ಬಿಡೋದು ಊರು ಬಿಟ್ಟು ಹೋಗೋ ಗಿರಾಕಿಗಳಿಗೆ. ಪಾಪ, ಮುಂದೆ ಉದ್ದ ಇಳಿಸ್ಬೇಕಾದ್ರೆ ನಮ್ಮ ಅಂಗಡಿಗೆ ಬರೋಕಾಗಲ್ವಲ್ಲ. ನಂದೇನು, ಹದಿನೈದು ದಿನದ ಮಾತು. ನಮಗೆ ಕೋಟಿನ ಗುಂಡಿ ತಂದುಕೊಡ್ತಿದ್ರಲ್ಲ ವ್ಯಾಪಾರಿ, ಅವರ ಊರು ನೋಡೋದು, ಗುಂಡಿ ಕಾರ್ಖಾನೆ ನೋಡೋದು… ಅಷ್ಟೇ.

ಅವತ್ತು ದೂರ ಅಳೆದದ್ದು ನೆನಪಿದೆಯಾ? ಗೋಡೆ ಮೇಲಿನ ಏಷ್ಯಾ ಭೂಪಟಕ್ಕೆ ಟೇಪು ಹಿಡಿದು, ನಮ್ಮೂರಿಂದ ಅವರೂರಿಗೆ ನೆಟ್ಟಗೆ ಎಳೆದು… ನೀನು ಕೂಡಿ ಗುಣಿಸಿ, ಐದೂವರೆ ಸಾವಿರ ಕಿಲೋಮೀಟರು ಅಂತ ಮುಖ ಸಣ್ಣ ಮಾಡ್ಕೊಂಡೆ. ಟಿಕೆಟ್ ಏಜೆಂಟು ನಾಲ್ಕು ಸಾವಿರದ ಚಿಲ್ಲರೆ ಅಂದ್ರೆ, ನಾನು ಅವನ ಮೇಲೇ ರೇಗಾಡಿದೆ! ಆಮೇಲೆ ಪಕ್ಕದ ಮನೆ ಟೀಚರ್ ಗ್ಲೋಬಿಗೆ ಟೇಪು ಸುತ್ತಿದ್ರೆ… ಅವನು ಹೇಳಿದಷ್ಟೇ. ದಿನಾ ಜನರ ಸೊಂಟ ಸುತ್ತಿ ಅಳೆಯೋ ನಾವು, ಭೂಮಿನ ಮಾತ್ರ ಬಟ್ಟೆ ಥರ ಹಾಸಿ ಅಳೆದ್ವಲ್ಲೇ. ದರ್ಜಿಗಳಂತೆ, ದರ್ಜಿಗಳು.

ಮತ್ತೆ ಅಲ್ಲಿ ಗಡಿಯಾರ ಎರಡೂವರೆ ಗಂಟೆ ಮುಂದೆ. ಇಲ್ಲಿ ಬೆಳಿಗ್ಗೆ ಹತ್ತಕ್ಕೆ ಹತ್ತಿದ್ರೆ ಅಲ್ಲಿ ಸಂಜೆ ಆರಕ್ಕೆ ಇಳಿಯೋದು. ನನ್ನ ಎರಡೂವರೆ ಗಂಟೆ ಎಲ್ಲಿ ಹೋಯ್ತು ಅಂತ ಫೋನಲ್ಲಿ ಕೇಳಿದ್ದಕ್ಕೆ, "ನನ್ನ ಹತ್ರ ಜೋಪಾನವಾಗಿದೆ, ಬಂದು ತಗೊಳ್ಳಿ" ಅಂತಾರೆ ಆ ಮನುಷ್ಯ… ಯಾಕೆ ಹಾಗೆ ನೋಡ್ತೀಯ? ನಾನೇನೂ ಕೆಂಪಗಾಗಿಲ್ಲ. ಇಸ್ತ್ರಿಪೆಟ್ಟಿಗೆ ಶಾಖ ಅದು.

ಹುಬ್ಬೇರಿಸಬೇಡ, ಗೊತ್ತಾಯ್ತು. ವಾಪಸ್ಸು ಬರೋದು ಎಷ್ಟು ಗಂಟೆ ಅಂತ ತಾನೇ? ಬರೋಕೂ ಅಷ್ಟೇ. ಕಳಕೊಂಡ ಎರಡೂವರೆ ಗಂಟೇನೂ ಮರಳಿ ಸಿಗತ್ತೆ. ಯಾವತ್ತು ಅಂದ್ರೆ… ಆ ಟಿಕೆಟ್ ಆಮೇಲೆ ತಗೋಬಹುದಂತೆ. ಈಗಲೇ ಏನವಸರ, ಅಲ್ವಾ?

ಪಿನ್ನೆಲ್ಲ ಮುಗೀತು. ಈಗ ಬಾಯಿ ಖಾಲಿ ಇದೆಯಲ್ಲ, ಬೈಯೋದಿದ್ರೆ ಬೈ. ಗೋಡೆ ಕಡೆ ಏನು ನೋಡ್ತಿದೀಯ? ನನ್ನ ಕತ್ತರಿ ತೂಗೋ ಆ ಖಾಲಿ ಮೊಳೇನಾ? ಕತ್ತರೀನ ಸಾಣೆಗೆ ಕೊಟ್ಟಿದೀನಿ ಕಣೇ.

ಇಲ್ಲ. ನನ್ನ ಕತ್ತರೀನ ಯಾರ ಕೈಗೂ ಕೊಡೋಳಲ್ಲ ನಾನು, ನಿಂಗೊತ್ತು. ದೊಡ್ಡ ಸೂಟ್‌ಕೇಸಲ್ಲಿದೆ. ಕೈಚೀಲದಲ್ಲಿ ಬಿಡಲ್ವಂತೆ ವಿಮಾನದೋರು.

ಮದುವೆ ಆಗೋಣ್ವಾ ಅಂತ ಕೇಳ್ಬಿಟ್ರು ಕಣೇ. ಹೂಂ ಅಂದ್ಬಿಟ್ಟೆ. ಈ ವಯಸ್ಸಲ್ಲಿ ಇಷ್ಟು ಖುಷಿ ಆಗತ್ತೆ ಅಂತ ಯಾರು ಕಂಡಿದ್ರು? ರಸ್ತೇಲಿ ಒಬ್ಬಳೇ ನಗ್ತೀನಿ… ನಿನ್ನ ಮಿಷಿನ್ ಎದುರು ನನ್ನ ಮಿಷಿನ್ ಖಾಲಿ ಇರತ್ತೆ ಅನ್ನೋದೊಂದನ್ನ ಹೇಳೋಕೆ ಬಾಯಿ ಬರಲಿಲ್ಲ.

ಸರಿ. ಕೈ ಕೊಡು, ಇಳೀತೀನಿ… ತಾಳು, ಈ ಅಂಚು ಯಾಕೆ ಇಷ್ಟು ಭಾರ?

ನಾಲ್ಕು ಬೆರಳು. ಮೊದಲನೇ ಪಿನ್ನಿಂದಲೇ ನಾಲ್ಕು ಬೆರಳು ಬಿಟ್ಕೊಂಡು ಬಂದಿದೀಯಲ್ಲೇ.