ಕರೆ ಕೇಂದ್ರದ ಡೇಟಾಬೇಸ್ ನಿಲ್ಲಿಸಿದ ಭಾನುವಾರದ ಬಗ್ಗೆ

ನಾನು, ವಯಸ್ಸು ನಲವತ್ತನಾಲ್ಕು, ಕೆಲಸ ಆಂಬುಲೆನ್ಸ್ ಕರೆ ಕೇಂದ್ರದಲ್ಲಿ ಡೇಟಾಬೇಸ್ ನೋಡಿಕೊಳ್ಳುವುದು, ವಾಸ ಕೇಂದ್ರದ ಹಿಂದಿನ ಬೀದಿಯಲ್ಲಿ ಬೇಕರಿಯ ಮೇಲಿನ ಮನೆ, ಇಂದು ಠಾಣೆಗೆ ಬಂದು, ನಿನ್ನೆ ಸೋಮವಾರ ನಮ್ಮ ಕಚೇರಿಯಲ್ಲಿ ನಡೆದ ಹಲ್ಲೆಯನ್ನು ಕಣ್ಣಾರೆ ಕಂಡವಳಾಗಿ ಈ ಮೂಲಕ ತಿಳಿಸುವುದೇನೆಂದರೆ:

ಗಾಯಗೊಂಡವರು ನನ್ನ ಸಹೋದ್ಯೋಗಿ. ಕೇಂದ್ರದ ಯಂತ್ರಗಳೆಲ್ಲ ಅವರ ಸುಪರ್ದಿನಲ್ಲಿವೆ. ಅವರನ್ನು ಎಲ್ಲರೂ ತಡಿಯಪ್ಪ ಎಂದೇ ಕರೆಯುವುದು. ಯಾವ ಕೆಲಸ ಹೇಳಿದರೂ ಮೊದಲು ‘ತಡಿಯಪ್ಪಾ’ ಅನ್ನುತ್ತಾರೆ; ಆ ಮಾತೇ ಹೆಸರಾಗಿ ಅಂಟಿಕೊಂಡಿದೆ. ಅವರ ಹೆಂಡತಿ ಕೂಡ ಫೋನ್ ಮಾಡಿದರೆ ತಡಿಯಪ್ಪ ಇದ್ದಾರಾ ಅಂತಲೇ ಕೇಳುತ್ತಾರೆ.

ಕರೆ ಬಂದ ಕೂಡಲೇ ಆ ನಂಬರಿನ ಮನೆ ಯಾವುದು, ಹತ್ತಿರದ ಗಾಡಿ ಎಲ್ಲಿದೆ ಎಂದು ಪರದೆಯ ಮೇಲೆ ತೋರಿಸುವುದು ನಮ್ಮ ಡೇಟಾಬೇಸ್. ಆ ತಂತ್ರಾಂಶವನ್ನು ನಾವು ಮಾಡಿದ್ದಲ್ಲ. ಆಪರೇಟಿಂಗ್ ಸಿಸ್ಟಮ್ ಕೊಡುವವರೇ ಅದನ್ನು ಪ್ಯಾಕೇಜ್ ಮಾಡಿ ಕಳಿಸುತ್ತಾರೆ. ಸಣ್ಣಪುಟ್ಟ ರಿಪೇರಿ ತಾನಾಗಿ ಬರುತ್ತದೆ. ದೊಡ್ಡ ಆವೃತ್ತಿ ಬದಲಿಸಬೇಕಾದರೆ ಮಾತ್ರ ಕೆಲಸ ನಿಲ್ಲಿಸಿ ನಾವೇ ಕೂರಬೇಕು.

ಈ ವರ್ಷ ನಮ್ಮ ಹಳೆಯ ಆವೃತ್ತಿಗೆ ರಿಪೇರಿ ಕಳಿಸುವುದು ನಿಂತಿತು. ಅದಾದ ಮೇಲೆ ಅದರಲ್ಲೊಂದು ತೂತು ಇದೆ, ಹೊರಗಿನವರು ಒಳನುಗ್ಗಬಹುದು ಎಂಬ ಸುದ್ದಿ ಬಂತು. ನಾನು ಈ ವಾರವೇ ಬದಲಿಸೋಣ ಎಂದೆ. ಅವರು ಎಂದಿನಂತೆ ತಡಿಯಪ್ಪಾ ಎಂದರು. ಹೊಸ ಚಪ್ಪಲಿಯನ್ನು ಮೊದಲು ಮನೆಯೊಳಗೆ ಹಾಕಿ ನಡೆದು ನೋಡಬೇಕು, ಬೀದಿ ಆಮೇಲೆ ಎಂಬುದು ಅವರ ವಾದ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುತ್ತೀರಾ ಎಂದು ನಾನು ರೇಗಿದೆ. ಎರಡು ದಿನ ಮಾತು ಬಿಟ್ಟಿದ್ದೆವು. ಟೀ ಮಾತ್ರ ಒಟ್ಟಿಗೇ ಕುಡಿದೆವು.

ಕೊನೆಗೆ ಹೆಚ್ಚುವರಿ ಯಂತ್ರದಲ್ಲಿ ಅಭ್ಯಾಸ ಮಾಡಿದೆವು. ಆವೃತ್ತಿಯ ಜೊತೆಗೇ ಬಂದ ಹೊಸ ಆಪರೇಟಿಂಗ್ ಸಿಸ್ಟಮ್ ಅಕ್ಷರಗಳನ್ನು ಬೇರೆ ಕ್ರಮದಲ್ಲಿ ಜೋಡಿಸುತ್ತಿದ್ದರಿಂದ, ಹಳೆಯ ಕ್ರಮದಲ್ಲಿದ್ದ ವಿಳಾಸ ಹುಡುಕಿದರೆ ಇರುವ ಮನೆಯನ್ನೇ ಇಲ್ಲ ಎಂದಿತು. ನನ್ನ ಮಾತು ಕೇಳಿದ್ದರೆ ಊರಿನ ಅರ್ಧ ಮನೆಗಳು ಕಾಣೆಯಾಗುತ್ತಿದ್ದವು. ಅವರು ಹಂಗಿಸಲಿಲ್ಲ. ಅದನ್ನು ಸರಿಪಡಿಸುವ ದಾರಿ ಕಂಡುಕೊಂಡ ಮೇಲೆ, ಹಗಲಿನಲ್ಲಿ ಕರೆ ಅತಿ ಕಡಿಮೆ ಇರುವ ಹೊತ್ತೆಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಯನ್ನು ಇಬ್ಬರೂ ಸೇರಿ ಗೊತ್ತುಮಾಡಿದೆವು. ಆ ಹೊತ್ತಿನಲ್ಲಿ ಕರೆ ತೆಗೆಯುವವರು ವಿಳಾಸವನ್ನು ಬಾಯಲ್ಲೇ ಕೇಳಿ ಬರೆದುಕೊಳ್ಳಬೇಕೆಂದು ಮೇಲಧಿಕಾರಿ ಆದೇಶ ಕೊಟ್ಟರು. ಅಷ್ಟು ಹೊತ್ತು ಹೆಚ್ಚುವರಿ ಯಂತ್ರವನ್ನೇ ಬಳಸೋಣವೆಂದರೆ ಅದಕ್ಕೆ ಕರೆಗಳ ಭಾರ ಹೊರುವ ತ್ರಾಣ ಇರಲಿಲ್ಲ.

ಕೆಲಸ ಅರ್ಧ ಆಗಿತ್ತು. ಆಗ ಒಬ್ಬ ವಯಸ್ಸಾದ ಹೆಂಗಸಿನ ಕರೆ ಬಂತು. ಯಜಮಾನರು ಬಚ್ಚಲಲ್ಲಿ ಬಿದ್ದಿದ್ದಾರೆ, ಮಾತು ನಿಂತಿದೆ ಎಂದರು. ವಿಳಾಸ ಕೇಳಿದರೆ ‘ನಮ್ಮನೆ ಕಣಮ್ಮಾ, ಹಸಿರು ಗೇಟು’ ಎಂಬುದರ ಹೊರತು ಅವರ ಬಾಯಿಂದ ಏನೂ ಹೊರಡಲಿಲ್ಲ. ಬೇರೆ ದಿನವಾಗಿದ್ದರೆ ಕೇಳುವ ಅಗತ್ಯವೇ ಇರಲಿಲ್ಲ. ಹಳೆಯದಕ್ಕೆ ವಾಪಸು ಹೋಗೋಣವೇ ಎಂದು ನಾನು ತಡಿಯಪ್ಪನವರನ್ನು ಕೇಳಿದೆ. ಹಿಂದೆ ಹೋಗಲು ಇನ್ನೂ ಹೆಚ್ಚು ಹೊತ್ತು ಬೇಕು ಎಂದರು. ಅತ್ತ ದರಿ, ಇತ್ತ ಪುಲಿ. ಅವರು ಕುರ್ಚಿಯನ್ನು ನನಗೆ ಬಿಟ್ಟು ಓಡಿಹೋಗಿ ಫೋನ್ ತಾವೇ ತೆಗೆದುಕೊಂಡರು. ಅಮ್ಮಾ, ನಾನು ನಿಮ್ಮ ಮಗ ಇದ್ದ ಹಾಗೆ, ಗೇಟು ತೆಗೆದು ಬೀದಿಗೆ ಬನ್ನಿ, ಎದುರಿಗೆ ಯಾರು ಸಿಕ್ಕರೂ ಸರಿ, ಅವರ ಕೈಗೆ ಫೋನ್ ಕೊಡಿ ಎಂದರು. ಸೈಕಲ್ ಮೇಲೆ ಹೋಗುತ್ತಿದ್ದ ಯಾರೋ ಪುಣ್ಯಾತ್ಮ ಬೀದಿಯ ಗುರುತು ಹೇಳಿದ. ಗಾಡಿ ಹೊರಟಿತು. ಅಷ್ಟರಲ್ಲಿ ಹನ್ನೊಂದು ನಿಮಿಷ ಹೋಗಿತ್ತು.

ಸೋಮವಾರ ಮಧ್ಯಾಹ್ನ, ಬಚ್ಚಲಲ್ಲಿ ಬಿದ್ದಿದ್ದ ಆ ಹಿರಿಯರ ಮಗ ಕಚೇರಿಗೆ ಬಂದರು. ಅವರು ಬಡಗಿ, ಅಂಗಿಯ ಮೇಲೆ ಮರದ ಪುಡಿ ಇತ್ತು. ಯಂತ್ರ ನಿಂತಿದ್ದಕ್ಕೇ ತಡವಾಯಿತೆಂದು ಗಾಡಿಯವರಿಂದ ಅವರಿಗೆ ತಿಳಿದಿತ್ತು. ನಿನ್ನೆ ಮೆಷಿನ್ ನಿಲ್ಲಿಸಿದ್ದು ಯಾರು ಎಂದು ಕೇಳಿದರು. ನಾನು ಎದ್ದು ನಿಂತೆ. ನನ್ನ ಬಾಯಿಂದ ಮಾತು ಹೊರಡುವ ಮೊದಲೇ ತಡಿಯಪ್ಪನವರು ‘ನಾನು’ ಎಂದರು. ಅವರು ತಡೆಯದೆ ಆಡಿದ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ. ಬಡಗಿ ಕೈಯಲ್ಲಿದ್ದ ಹೆಲ್ಮೆಟ್ಟಿನಿಂದ ಎರಡು ಸಲ ಹೊಡೆದರು. ಹುಬ್ಬು ಸೀಳಿತು. ತಡಿಯಪ್ಪನವರು ಮೇಜಿನ ಅಂಚಿಗೆ ಬಿದ್ದು ಮಣಿಕಟ್ಟು ಮುರಿಯಿತು. ರಕ್ತ ಕಂಡದ್ದೇ ಬಡಗಿ ನೆಲಕ್ಕೆ ಕುಸಿದು, ಅಪ್ಪ ನನ್ನ ಹೆಸರು ಹೇಳೋಕೆ ಆಗದೆ ಅಳ್ತಾನೆ ಸಾರ್ ಎಂದು ತಾವೂ ಅತ್ತರು. ಗಾಡಿ ಬಂದಾಗ ಸ್ಟ್ರೆಚರಿನ ಒಂದು ತುದಿಯನ್ನು ಹಿಡಿದವರು ಅವರೇ. ಓಡಿಹೋಗಲು ಪ್ರಯತ್ನಿಸಲಿಲ್ಲ.

ತಡಿಯಪ್ಪನವರನ್ನು ಸೇರಿಸಿದ ಆಸ್ಪತ್ರೆಯಲ್ಲೇ ಹಿರಿಯರೂ ಇದ್ದಾರೆ. ಬಲಗೈ ಸ್ವಾಧೀನವಿಲ್ಲ, ಮಾತು ತೊದಲುತ್ತದೆ. ಆ ನಿಮಿಷಗಳು ಸಿಕ್ಕಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು ವೈದ್ಯರನ್ನು ಕೇಳಿದೆ. ಹೇಳಲಾಗದು ಎಂದರು. ನಿಲ್ಲಿಸದೇ ಬಿಟ್ಟಿದ್ದರೆ ಮುಂದೊಂದು ದಿನ ಯಾರ ಮನೆಗೆ ಏನಾಗುತ್ತಿತ್ತೋ, ಅದನ್ನೂ ಯಾರೂ ಹೇಳಲಾರರು.

ಕೇಸು ಬೇಡವೆಂದು ತಡಿಯಪ್ಪನವರು ಹಾಸಿಗೆಯಿಂದಲೇ ನನಗೆ ಹೇಳಿ ಕಳಿಸಿದ್ದಾರೆ. ಹೊಡೆದದ್ದು ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ದಿನ ಗೊತ್ತುಮಾಡಿದ್ದು ಅವರೊಬ್ಬರೇ ಅಲ್ಲ, ನಾನೂ. ಏಟು ಅವರೊಬ್ಬರಿಗೇ ಬಿತ್ತು.

ಹೇಳಿಕೆಯನ್ನು ನನಗೆ ಓದಿ ಹೇಳಿದ ಮೇಲೆ ಇದೊಂದನ್ನು ಸೇರಿಸಬೇಕೆಂದು ಕೋರಿದ್ದೇನೆ. ಈಗ ಠಾಣೆಯ ಬೆಂಚಿನ ಮೇಲೆ ಕುಳಿತಿರುವ ಬಡಗಿ, ಇನ್ನು ಮುಂದೆ ನಿಲ್ಲಿಸೋದೇ ಇಲ್ಲ ತಾನೇ ಎಂದು ನನ್ನನ್ನು ಕೇಳಿದರು. ಇಲ್ಲಪ್ಪ, ಎಂದಾದರೂ ಮತ್ತೆ ನಿಲ್ಲಿಸಲೇಬೇಕು, ಯಾರಿಗೂ ತೊಂದರೆಯಾಗದ ಹೊತ್ತು ಅಂತ ಒಂದಿಲ್ಲ ಎಂದೆ. ಅವರು, ಹಾಗಾದ್ರೆ ಮೊದಲೇ ತಿಳಿಸಿ ಅಕ್ಕಾ, ಅವತ್ತು ಕೆಲಸಕ್ಕೆ ಹೋಗಲ್ಲ, ಅಪ್ಪನ ಪಕ್ಕದಲ್ಲೇ ಕೂತಿರ್ತೀನಿ ಎಂದರು.

ಕಂಡದ್ದನ್ನು ಕಂಡ ಹಾಗೆ, ಯಾರ ಒತ್ತಾಯವೂ ಇಲ್ಲದೆ ಹೇಳಿದ್ದೇನೆ. ಬರೆದದ್ದು ನಾನು ಹೇಳಿದಂತೆಯೇ ಇದೆ.

ಸ್ಥಳ: ಠಾಣೆ
ದಿನ: ಮಂಗಳವಾರ
ಸಹಿ