ಕೈ ಇಟ್ಟು ತೋರಿಸಿ

ಗೋವಿಂದರಾಜನಗರದ ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಹಿಡಿದು ಕೂತಿದ್ದರು ವಿಶಾಲಾಕ್ಷಿ ಟೀಚರ್. ಅಷ್ಟರಲ್ಲಿ ಹೆಂಗಸೊಬ್ಬಳು ಒಳಗೆ ಎಕ್ಸ್‌ರೇ ತೋರಿಸಿ ಬಂದು, ಟೀಚರ ಪಕ್ಕದಲ್ಲೇ ಕೂತಿದ್ದ ತನ್ನ ತಾಯಿಯ ಮುಂದೆ ನಿಂತಳು.

"ಎರಡು ವರ್ಷ ನಿನ್ನ ಮಂಡಿಗೆ ಎಣ್ಣೆ ತಿಕ್ಕಿದೀನಿ, ಮಂಡಿಗೇ ಇಂಜೆಕ್ಷನ್ ಕೊಡ್ಸಿದೀನಿ. ಸವೆದಿರೋದು ಸೊಂಟದ ಕೀಲಂತೆ ಕಣಮ್ಮ!"

"ಮಂಡೀನೂ ನೋಯ್ತಿತ್ತು ಕಣೇ."

"ಮೊದ್ಲು ಶುರುವಾಗಿದ್ದೆಲ್ಲಿ?"

"ತೊಡೆ ಸಂದೀಲಿ."

"ಅದನ್ನ ಆವತ್ತು ಆ ಇಂಜೆಕ್ಷನ್ ಕೊಟ್ಟ ಡಾಕ್ಟ್ರಿಗೆ ಯಾಕೆ ಹೇಳ್ಲಿಲ್ಲ?"

"ಮಗನ ವಯಸ್ಸಿನವ್ನು. ಅಲ್ಲಿ ಕೈ ಇಟ್ಟು ಹೆಂಗೆ ತೋರಿಸ್ಲಿ?"

"ನಂಗಾದ್ರೂ ಹೇಳ್ಬೋದಿತ್ತಲ್ಲ?"

ತಾಯಿ ಸೆರಗು ಸರಿಮಾಡಿಕೊಂಡಳು. "ಈಗೇನಂತೆ?"

"ಕೀಲೇ ಬದಲಾಯಿಸ್ಬೇಕಂತೆ. ಎರಡು ವರ್ಷದ ಹಿಂದೆ ಆಗ್ತಿತ್ತು, ಈಗ ನಿನ್ನ ಹಾರ್ಟು ಆಪರೇಷನ್ ತಡ್ಕೊಳಲ್ಲ ಅಂದ್ರು."

"ಸರಿ. ಕೈ ಕೊಡು, ಏಳ್ತೀನಿ."

ಮಗಳ ಹೆಗಲು ಹಿಡಿದು, ಕಾಲೆಳೆದುಕೊಂಡು ತಾಯಿ ಆಟೋದ ಕಡೆ ಹೊರಟಳು.

ವಿಶಾಲಾಕ್ಷಿಯವರ ಟೋಕನ್ ಕೂಗಿದರು. ಒಳಗಿದ್ದ ಎಳೆಪ್ರಾಯದ ಡಾಕ್ಟರು, "ಎಲ್ಲಿ ನೋವು ಮೇಡಂ? ಕೈ ಇಟ್ಟು ತೋರಿಸಿ," ಎಂದರು.

ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ಆ ಕೈ ತೊಡೆಯ ಸಂದಿಯ ಕಡೆ ಹೊರಟಿತು. ಆಮೇಲೆ ಮೆಲ್ಲಗೆ ಜಾರಿ ಮಂಡಿಯ ಮೇಲೆ ಹೋಗಿ ಕೂತಿತು.