ಅತ್ತಿಗೆಯ ಎಡಗಡೆ

ಬಸ್ಸಿಳಿದ ಮೇಲೆ ನಮ್ಮಣ್ಣನ ಮನೆಗೆ ಹೋಗೋಕೆ ಒಂದೇ ದಾರಿ. ಬಾವಿ ದಾಟ್ಕೊಂಡೇ ಹೋಗ್ಬೇಕು. ಹಗಲಲ್ಲಿ ಏನೂ ಅನ್ಸಲ್ಲ. ಕತ್ತಲಾದ್ಮೇಲೆ ಮಾತ್ರ... ಎಲ್ರೂ ಕಾಲು ಸ್ವಲ್ಪ ಬೇಗ ಬೇಗ ಹಾಕ್ತಾರೆ.

ಮೊದ್ಲೇ ಹೇಳ್ಬಿಡ್ತೀನಿ, ಮಧ್ಯೆ ಯಾರಾದ್ರೂ ಕಿಸಕ್ಕಂದ್ರೆ ನಾನು ಎದ್ದು ಹೋಗಿ ಮಲಗ್ತೀನಿ. ದೆವ್ವ ಗಿವ್ವ ಅಂದ್ರೆ ಈ ಮನೇಲಿ ಮೊದ್ಲು ಬೈಯೋಳೇ ನಾನು, ನಿಮಗೆ ಗೊತ್ತು. ಆ ಬಾವಿಗೂ ಅಂಥ ಕತೆ ಏನಿಲ್ಲ. ಯಾರೂ ಬಿದ್ದು ಸತ್ತಿಲ್ಲ, ಯಾರೂ ಹಾರ್ಕೊಂಡಿಲ್ಲ. ಮನೆ ಮನೆಗೆ ನಲ್ಲಿ ಬಂತು, ಜನ ಬಾವಿ ಮರೆತ್ರು, ಅಷ್ಟೇ. ಹಗ್ಗ ಇಲ್ಲದ ರಾಟೆ ಒಂದು ಉಳ್ಕೊಂಡಿತ್ತು. ದಾರಿ ಕಡೆಯ ಕಟ್ಟೆ ಕುಸಿದಿತ್ತು. ಮನೆ ಕಡೆ ನಡೆಯುವಾಗ ಬಾವಿ ಎಡಕ್ಕೆ ಬರ್ತಿತ್ತು. ಎಡಕ್ಕೆ... ಇದನ್ನ ನೆನಪಲ್ಲಿಟ್ಕೊಳ್ಳಿ.

ಅಣ್ಣ ಅಂದ್ರೆ ದೊಡ್ಡಪ್ಪನ ಮಗ. ಟೈಲರ್. ಅಳತೆ ಟೇಪು ಕೊರಳಲ್ಲಿ ಹಾಕ್ಕೊಂಡೇ ಊಟ, ಹಾಕ್ಕೊಂಡೇ ನಿದ್ದೆ, ಅದಕ್ಕೇ ಬೀದಿ ಮಕ್ಕಳೆಲ್ಲ ಟೇಪಣ್ಣ ಅಂತ ಕರೀತಿದ್ವು. ಅವನು ಬಟ್ಟೆ ಕತ್ತರಿಸಿ ಮಿಷನ್ನಿಗೆ ಕೂತ್ರೆ, ಅತ್ತಿಗೆ ಎದುರಿಗೆ ಕೂತು ಕಾಜ ಹೊಲಿದು ಗುಂಡಿ ಹಾಕೋರು. ಇಬ್ಬರಿಗೂ ಮಾತು ಕಮ್ಮಿ. ಮಿಷನ್ ಟಕಟಕಟಕ ಅನ್ನೋದು, ನಿಲ್ಲೋದು, ಅತ್ತಿಗೆ ದಾರ ಹಲ್ಲಲ್ಲಿ ಕಟ್ ಅಂತ ಕಡಿಯೋರು, ಮತ್ತೆ ಟಕಟಕ. ಮಕ್ಕಳಿಲ್ಲ. ಅದರ ಬಗ್ಗೆ ಅವರು ಕೊರಗಿದ್ದು ನಾನು ಕಾಣೆ.

ಅತ್ತಿಗೆಗೆ ತಲೆನೋವು ಶುರುವಾಯ್ತು. ಕನ್ನಡಕ ಬದಲಾಯಿಸಿದ್ರು, ಹೋಗ್ಲಿಲ್ಲ. ಒಂದಿನ ಅಂಗಡೀಲೇ ಕುಸಿದು ಬಿದ್ರು. ಸ್ಕ್ಯಾನ್ ಮಾಡಿಸಿದ್ರೆ ಮೆದುಳಲ್ಲಿ ಗಡ್ಡೆ. ಬಲಗಡೆ. ಆಪರೇಷನ್ ಆಯ್ತು. ತೆಗೆಯೋಕೆ ಆಗೋಷ್ಟು ತೆಗ್ದಿದ್ದೀವಿ, ಉಳಿದಿದ್ದಕ್ಕೆ ರೇಡಿಯೇಷನ್ ಕೊಡೋಣ, ಅಂದ್ರು ಡಾಕ್ಟ್ರು. ಉಳಿದಿದ್ದು ಅನ್ನೋ ಆ ಒಂದು ಮಾತನ್ನ ಅಣ್ಣ ಎಷ್ಟು ದಿನ ಅಗೀತಿದ್ದನೋ ದೇವ್ರಿಗೇ ಗೊತ್ತು.

ಆಪರೇಷನ್ ಆದ್ಮೇಲೆ ಅತ್ತಿಗೆಗೆ ಎಡಗಡೆ ಅನ್ನೋದೇ ಹೋಗ್ಬಿಡ್ತು. ಕಣ್ಣು ಚೆನ್ನಾಗೇ ಇತ್ತು. ಆದ್ರೆ ಎಡಗಡೆ ಅಂತ ಒಂದಿದೆ ಅನ್ನೋದೇ ಮನಸ್ಸಿಗೆ ಬರ್ತಿರ್ಲಿಲ್ಲ. ತಲೆ ಬಾಚಿದ್ರೆ ಬಲಗಡೆ ಮಾತ್ರ. ಬಲಗಾಲಿಗೆ ಚಪ್ಪಲಿ ಹಾಕ್ಕೊಂಡು ಹೊರಟೇಬಿಡೋರು. ಎಡಗೈ ಎತ್ತೋಕೂ ಆಗ್ತಿರ್ಲಿಲ್ಲ, ಯಾರದೋ ಕೈ ಅನ್ನೋ ಹಾಗೆ ತೂಗಾಡೋದು. ಹಟ ಮಾಡಿ ಒಂದೇ ಕೈಲಿ ಒಂದು ಅಂಗಿಗೆ ಗುಂಡಿ ಹಾಕಿದ್ರು. ಎರಡು ತೋಳಲ್ಲಿ ಒಂದಕ್ಕೆ ಹಾಕಿ, ಇನ್ನೊಂದು ಬಿಟ್ಟು, ಮಡಚಿ ಕೊಟ್ಟೇಬಿಟ್ರು. ಗಿರಾಕಿ ಪುಣ್ಯಾತ್ಮ, ಇದೇ ಹೊಸ ಫ್ಯಾಷನ್ನಾ ಅಂತ ಕೇಳಿದ್ನಂತೆ. ಅಣ್ಣ ಅವನೆದುರು ನಕ್ಕು, ಒಳಗೆ ಬಂದು ಅತ್ತ.

ಊಟದ ತಟ್ಟೆನೂ ಹಾಗೇ. ಬಲಗಡೆ ಇದ್ದಿದ್ದನ್ನ ತಿಂದು, ಆಯ್ತು ಅಂತ ಕೈ ತೊಳೆಯೋಕೆ ಏಳೋರು. ಎಡಗಡೆ ಅನ್ನ ಹಾಗೇ ಇರೋದು. ಆಗ ಅಣ್ಣ ತಟ್ಟೆನ ಅರ್ಧ ಸುತ್ತು ತಿರುಗಿಸೋನು. ಮರದ ಸ್ಟೂಲಿನ ಮೇಲೆ ಸ್ಟೀಲ್ ತಟ್ಟೆ... ಕರ್ರ್‌ರ್‌ರ್... ಅಂತ ತಿರುಗೋದು. ಅತ್ತಿಗೆ ನೋಡಿ, "ಮತ್ತೆ ಬಡಿಸಿದ್ರಾ?" ಅನ್ನೋರು. ಪ್ರತಿ ಸಲ. ಪ್ರತಿ ಸಲಾನೂ ಹೊಸದಾಗಿ ಆಶ್ಚರ್ಯ. ತಟ್ಟೆ ಅಂಚಲ್ಲಿ ಒಂದು ನೆಗ್ಗು ಇತ್ತು. ಬಡಿಸುವಾಗ ನೆಗ್ಗು ಅತ್ತಿಗೆ ಕಡೆ ಇಡೋದು, ತಿರುಗಿಸಿದ್ಮೇಲೆ ಅದು ಆಚೆ ಹೋಗೋದು. ತಿರುಗಿಸಿ ಆಯ್ತೋ ಇಲ್ವೋ ಅನ್ನೋದಕ್ಕೆ ಟೈಲರ್ ಮಾಡ್ಕೊಂಡ ಗುರುತು ಅದು.

ಆಸ್ಪತ್ರೇಲಿ ವ್ಯಾಯಾಮ ಮಾಡಿಸೋ ಹುಡುಗಿ ಒಬ್ಳು ಅಣ್ಣನಿಗೆ ಚೆನ್ನಾಗಿ ಬೈದಿದ್ಲಂತೆ. ತಟ್ಟೆ ತಿರುಗಿಸ್ಬೇಡಿ, ಅವರೇ ತಲೆ ತಿರುಗಿಸ್ಲಿ, ನೀವು ಯಾವಾಗಲೂ ಎಡಗಡೆ ನಿಂತೇ ಮಾತಾಡ್ಸಿ, ಆಗ್ಲೇ ಆ ಕಡೆ ಗಮನ ಬರೋದು, ಅಂತ. ಅಣ್ಣ ಹೂಂ ಹೂಂ ಅಂದು ಬಂದ. ಎಡಗಡೆ ನಿಂತು ನೋಡಿದ. ಅತ್ತಿಗೆ ಅವನನ್ನ ಹುಡುಕ್ತಾರೆ... ಬಲಗಡೆ. ಪಕ್ಕದಲ್ಲೇ ನಿಂತು ಕೂಗಿದ್ರೂ ಕಿಟಕಿ ನೋಡ್ತಾರೆ, ಬಾಗಿಲು ನೋಡ್ತಾರೆ, ಮುಖ ಸಣ್ಣದು ಮಾಡ್ಕೋತಾರೆ. ಅವನ ಕೈಲಿ ಆಗ್ಲಿಲ್ಲ. ಬಲಗಡೆ ಬಂದ. ಅವರ ಮುಖ ಅರಳ್ತು. ಅವತ್ತಿಂದ ಅವನು ಬಲಗಡೇನೇ. ಕೂತ್ರೂ ಬಲಗಡೆ, ನಡೆದ್ರೂ ಬಲಗಡೆ.

ಎಡಗಡೆ ಖಾಲಿ ಉಳೀತು.

ರೇಡಿಯೇಷನ್ನಿಗೆ ವಾರದಲ್ಲಿ ಐದು ದಿನ ಹೋಗ್ಬೇಕು. ಇವರ ಸರದಿ ಬರೋದು ಕೊನೇಲಿ. ಮುಖಕ್ಕೆ ಜಾಲರಿ ಥರದ ಮುಖವಾಡ ಹಾಕಿ, ಅಲ್ಲಾಡದ ಹಾಗೆ ಮೇಜಿಗೆ ಬಿಗೀತಾರೆ. ಬಸ್ಸಲ್ಲಿ ವಾಪಸ್ ಬರುವಾಗಲೂ ಕೆನ್ನೆ ಮೇಲೆ ಆ ಜಾಲರಿ ಗೆರೆ ಇರ್ತಿತ್ತು. ಮಾತ್ರೆಗೆ ಮುಖ ಊದಿಕೊಂಡಿತ್ತು. ಎಂದೂ ಗದರದ ಅತ್ತಿಗೆ ಈಗ ಕಂಡಕ್ಟರ್ ಮೇಲೆಲ್ಲ ರೇಗೋರು. ಅಣ್ಣ ಅವನಿಗೆ ಕೈ ಮುಗಿದು, ತಪ್ಪು ತಿಳ್ಕೋಬೇಡಪ್ಪ ಅನ್ನೋನು. ನಾನು ಪಕ್ಕದ ಬೀದಿಯೋಳು, ಸಂಜೆ ಹೋಗಿ ಅಡುಗೆ ಮಾಡಿಟ್ಟು ಅವರು ಬರೋವರೆಗೂ ಕಾಯ್ತಿದ್ದೆ.

ಬಾವಿ ಹತ್ರ ಕಾಲ್ಸಪ್ಪಳ ಮೊದ್ಲು ಕೇಳಿದ್ದು ಅಣ್ಣನೇ. ಅವನ ಚಪ್ಪಲಿ... ಪಟ್, ಪಟ್. ಅತ್ತಿಗೆ ಎಡಗಾಲು ಎಳೆಯೋದು... ಸರ್ರ್... ಸರ್ರ್. ಅದರ ಮಧ್ಯೆ ಇನ್ನೊಂದು. ಪಚಕ್... ಪಚಕ್. ಒದ್ದೆ ಬರಿಗಾಲು ಮಣ್ಣಿನ ಮೇಲೆ ಬಿದ್ದ ಹಾಗೆ. ಅತ್ತಿಗೆಯ ಆಚೆ ಪಕ್ಕದಿಂದ. ಇವನು ನಿಂತ್ರೆ ಅದೂ ನಿಲ್ಲೋದು. ಬಗ್ಗಿ ನೋಡಿದ್ರೆ ಯಾರೂ ಇಲ್ಲ.

"ಯಾರ್ರೀ ಅದು?" ಅಂತ ಅತ್ತಿಗೆ ಪಿಸುಗುಟ್ಟಿದ್ರಂತೆ.

"ಯಾರು?"

"ನನ್ನ ಆ ಕೈ ಹಿಡ್ಕೊಂಡಿರೋರು."

ಆಪರೇಷನ್ ಆದಾಗಿಂದ ಆ ಕೈ ಇದೆ ಅಂತಾನೇ ಅತ್ತಿಗೆ ಹೇಳಿರ್ಲಿಲ್ಲ, ನೋಡಿ. ಮನೆಗೆ ಬಂದ್ಮೇಲೆ ಅಣ್ಣ ನನಗೆ ಹೇಳಿದ. ನಾನು ಸರಿಯಾಗಿ ಉಗಿದೆ. ನಿದ್ದೆಗೆಟ್ಟು ತಲೆ ಕೆಟ್ಟಿದೆ ನಿನಗೆ, ಊಟ ಮಾಡಿ ಬಿದ್ಕೋ, ಅಂದೆ.

ಆಮೇಲೆ ಆ ಸಂಜೆ ಬಂತು. ಬಸ್ಸು ತಡ. ಬೀದಿದೀಪ ಇಲ್ಲ. ಬಾವಿ ಹತ್ರ ಬಂದಾಗ ಅಣ್ಣ ಚೀಲ ಇನ್ನೊಂದು ಹೆಗಲಿಗೆ ಹಾಕ್ಕೊಳ್ಳೋಕೆ ಅಂತ ಅತ್ತಿಗೆ ಕೈ ಬಿಟ್ಟ. ಅಷ್ಟೇ. ರೆಪ್ಪೆ ಮಿಟುಕಿಸೋಷ್ಟು ಹೊತ್ತು. ಅಷ್ಟರಲ್ಲಿ ಅತ್ತಿಗೆಗೆ ಫಿಟ್ಸ್ ಬಂತು. ಗಂಟಲಲ್ಲಿ ಗೊರ್ರ್ ಅಂತ ಸದ್ದು. ಮೈ ಸೆಟೆದು ಎಡಕ್ಕೆ ವಾಲಿದ್ರು. ಎಡಕ್ಕೆ... ಕಟ್ಟೆ ಕುಸಿದಿದ್ದ ಕಡೆಗೆ.

ಬೀಳ್ಬೇಕಿತ್ತು.

ಬೀಳ್ಲಿಲ್ಲ. ಅರ್ಧ ವಾಲಿದೋರು ಅಲ್ಲೇ ನಿಂತ್ರು. ಗಾಳೀಲಿ ಒರಗಿದ ಹಾಗೆ. ಎಡಗೈ... ಆ ಎತ್ತೋಕೇ ಆಗದ ಕೈ... ನೇರವಾಗಿ, ಬಿಗಿಯಾಗಿ ಚಾಚಿತ್ತು. ಬಾವಿ ಕಡೆಯಿಂದ ಯಾರೋ ಗಟ್ಟಿಯಾಗಿ ಹಿಡಿದು ತಡೀತಿರೋ ಹಾಗೆ. ಮೇಲೆ ರಾಟೆ ಕಿರ್ರ್... ಕಿರ್ರ್ ಅಂತಿತ್ತು. ಗಾಳಿ ಇರ್ಲಿಲ್ಲ.

ಅಣ್ಣ ಓಡಿ ಆ ಕಡೆ ಹೋದ. ಬಾವಿಗೂ ಅತ್ತಿಗೆಗೂ ಮಧ್ಯೆ ತೂರಿಕೊಂಡು ಅವರನ್ನ ಅಪ್ಕೊಂಡ. ಆಗ ಅವನ ಬೆನ್ನಿಗೆ ತಣ್ಣಗೆ ಏನೋ ತಾಗಿ, ಜಾಗ ಬಿಟ್ಕೊಟ್ಟ ಹಾಗಾಯ್ತಂತೆ. ಪಚಕ್... ಪಚಕ್... ಎರಡು ಹೆಜ್ಜೆ ಹಿಂದಕ್ಕೆ. ಆಮೇಲೆ ಸದ್ದಿಲ್ಲ.

ಫಿಟ್ಸ್ ಇಳಿದು ಮನೆಗೆ ಬಂದಾಗ ಅತ್ತಿಗೆ ಎಡಗೈ ಮಣಿಕಟ್ಟಿನವರೆಗೂ ಒದ್ದೆ. ಟವೆಲ್ಲಲ್ಲಿ ಒರೆಸಿದ್ದು ನಾನೇ. ಬೆವರು ಅಂದ್ಕೊಂಡೆ. ಅಷ್ಟು ತಣ್ಣಗಿರೋ ಬೆವರು ಇರಲ್ಲ.

ಅಣ್ಣ ಗೋಡೆಗೆ ಒರಗಿ ಕೂತ. ಮೆಲ್ಲಗೆ ಹೇಳಿದ. "ಅದು ನನ್ನ ಜಾಗ ಕಣೇ. ನಾನು ಬಿಟ್ಟೆ... ಇನ್ಯಾರೋ ನಿಂತ್ಕೊಂಡ್ರು."

ಮಾರನೇ ದಿನದಿಂದ ಅಣ್ಣ ಎಡಗಡೆ ಕೂತ. ಮಂಚದ ಎಡಗಡೆ, ಬಸ್ಸಲ್ಲಿ ಎಡಗಡೆ, ದಾರೀಲಿ ಎಡಗಡೆ. ಬಾವಿ ಹತ್ರ ಆ ಸಪ್ಪಳ ಮತ್ತೆ ಕೇಳ್ಲಿಲ್ಲ. ಆದ್ರೆ ಅತ್ತಿಗೆಗೆ ಗಂಡ ಕಾಣೆಯಾದ. ನಿಮಗೆ ಅರ್ಥ ಆಗ್ತಿದೆಯಾ? ಅಡುಗೆಮನೆಗೆ ಹೋಗುವಾಗ ಬಲಗಡೆ ಕಂಡ್ರೆ "ಬಂದ್ರಾ" ಅಂತ ಕಣ್ಣು ತುಂಬ್ಕೊಳ್ಳೋರು. ಅವನು ಸುತ್ತಿಬಂದು ಎಡಗಡೆ ಕೂತ ತಕ್ಷಣ, ಮತ್ತೆ ಹೋದ್ರು ಅನ್ಕೊಳ್ಳೋರು. ಅವರ ಎಡಗೈ ಅವನ ಕೈಲೇ ಇರೋದು. ಇಲ್ಲೇ ಇದ್ದೀನಿ, ಈ ಕಡೆ ನೋಡು, ಒಂದೇ ಒಂದು ಸಲ ನೋಡು, ಅನ್ನೋನು. ಅವರು ಬಾಗಿಲ ಕಡೆ ನೋಡೋರು. ತಟ್ಟೆ ತಿರುಗಿಸೋದನ್ನೂ ನಿಲ್ಲಿಸಿದ. ನಾನು ಜಗಳ ಆಡಿದೆ, ಅವರು ಅರ್ಧ ಹೊಟ್ಟೇಲಿ ಇದ್ದಾರೆ, ನೀನೇನು ಕಟುಕನಾ, ಅಂತ. ಅವಳೇ ತಿರುಗಬೇಕು, ತಿರುಗಿದ್ರೆ ನಾನು ಕಾಣ್ತೀನಿ, ಅಂದ. ಏನು ಹೇಳ್ಲಿ ಅಂಥೋನಿಗೆ. ಅವನು ಆಚೆ ಹೋದಾಗ ಅತ್ತಿಗೆಗೆ ನಾನೇ ಕದ್ದು ತಿನ್ನಿಸ್ತಿದ್ದೆ.

ಒಂದಿನ ಅತ್ತಿಗೆ ನನ್ನನ್ನ ಹತ್ರ ಕರೆದು ಕಿವೀಲಿ ಹೇಳಿದ್ರು.

"ಆ ಕಡೆ ಒಬ್ರು ಕೂತಿರ್ತಾರೆ ಕಣೇ. ಕೈ ಬೆಚ್ಚಗಿದೆ. ಒಳ್ಳೆಯೋರು ಅನ್ಸುತ್ತೆ, ಬಿಡೋದೇ ಇಲ್ಲ. ನಿಮ್ಮಣ್ಣನಿಗೆ ಹೇಳ್ಬೇಡ... ಬೇಜಾರು ಮಾಡ್ಕೋತಾರೆ."

ಅಣ್ಣ ಆ ಕಡೆಯೇ ಕೂತಿದ್ದ. ಎಲ್ಲಾ ಕೇಳಿಸ್ಕೊಂಡ. ನಾನು ಅವನ ಮುಖ ನೋಡೋಕೆ ಹೋಗ್ಲಿಲ್ಲ.

ರೇಡಿಯೇಷನ್ ಮುಗೀತು. ಸ್ವಲ್ಪ ದಿನ ಪರವಾಗಿಲ್ಲ ಅನ್ನಿಸ್ತು. ಕುರ್ಚೀಲಿ ಕೂತು ಕಿಟಕಿಯಿಂದ ಬೀದಿ ನೋಡೋರು. ಆಮೇಲೆ ಇನ್ನೊಂದು ಸ್ಕ್ಯಾನ್. ಉಳಿದಿದ್ದು ಬೆಳೆದಿತ್ತು. ಮನೇಲೇ ನೋಡ್ಕೊಳ್ಳಿ, ನೋವಾಗದ ಹಾಗೆ ಇಟ್ಕೊಳ್ಳಿ, ಅಂದ್ರು ಡಾಕ್ಟ್ರು. ಅಣ್ಣ ಅಂಗಡಿಗೆ ಬೀಗ ಹಾಕಿ ಬಂದು ಎಡಗಡೆ ಕೂತ. ಕೊರಳಲ್ಲಿ ಟೇಪು ಇರ್ಲಿಲ್ಲ, ಅವತ್ತೇ ನಾನು ಅದನ್ನ ಗಮನಿಸಿದ್ದು.

ಕೊನೇ ದಿನ... ಅವತ್ತು ಕೊನೇ ದಿನ ಅಂತ ನಮಗೆ ಗೊತ್ತಿರ್ಲಿಲ್ಲ. ಮುಸ್ಸಂಜೆ. ದೀಪ ಹಾಕೋ ಹೊತ್ತು, ಇನ್ನೂ ಹಾಕಿರ್ಲಿಲ್ಲ. ಅತ್ತಿಗೆ ಎರಡು ದಿನದಿಂದ ಕಣ್ಣು ಬಿಟ್ಟಿರ್ಲಿಲ್ಲ. ಆದ್ರೂ ನಾನು ಮೆತ್ತಗೆ ಅನ್ನ ಕಲಸಿ ತಂದು ಬಲಗಡೆ ಸ್ಟೂಲಿನ ಮೇಲೆ ಇಟ್ಟೆ. ನೆಗ್ಗು ಅತ್ತಿಗೆ ಕಡೆಗೆ. ಅಭ್ಯಾಸ. ಆಮೇಲೆ ಕಾಲ ಹತ್ರ ಕೂತು ಪಾದ ತಿಕ್ತಿದ್ದೆ. ಅಣ್ಣ ಎಡಗಡೆ. ಅವನ ಎರಡೂ ಕೈ ಅತ್ತಿಗೆಯ ಎಡಗೈ ಮೇಲೆ. ಬಲಗಡೆ ಯಾರೂ ಇಲ್ಲ.

ಉಸಿರಾಟ ಕೇಳಿಸ್ತಿತ್ತು. ಹುಸ್ಸ್... ಆಮೇಲೆ ತುಂಬ ಹೊತ್ತು ಏನೂ ಇಲ್ಲ. ಮತ್ತೆ... ಹುಸ್ಸ್...

ಆಗ ಕೇಳಿಸ್ತು.

ಕರ್ರ್‌ರ್‌ರ್...

ನಿಧಾನಕ್ಕೆ. ಅರ್ಧ ಸುತ್ತು. ಅತ್ತಿಗೆ ಕಣ್ಣು ಬಿಟ್ರು. ಬಲಗಡೆ ನೋಡಿದ್ರು. ಖಾಲಿ ಜಾಗ ನೋಡೋ ನೋಟ ಅಲ್ಲ ಅದು, ನಾನು ಆಣೆ ಮಾಡಿ ಹೇಳ್ತೀನಿ. ಒಬ್ಬ ಮನುಷ್ಯನ ಮುಖ ಎಷ್ಟು ಎತ್ತರದಲ್ಲಿ ಇರುತ್ತೋ ಅಷ್ಟು ಎತ್ತರಕ್ಕೆ ನೋಡಿದ್ರು. ಊದಿಕೊಂಡ ಮುಖದಲ್ಲೇ ನಕ್ಕರು.

"ಮತ್ತೆ ಬಡಿಸಿದ್ರಾ?"

ಅಷ್ಟೇ. ಆಮೇಲೆ ಉಸಿರು ಬರ್ಲಿಲ್ಲ.

ನಾನು ಅಣ್ಣ ಅಂತ ಕೂಗೋಕೆ ಹೋದೆ. ಅವನು ಬೇಡ ಅಂತ ತಲೆ ಆಡಿಸಿದ. ಅತ್ತಿಗೆ ಕೈ ಬಿಡ್ಲಿಲ್ಲ. ಕೆನ್ನೆ ಮೇಲೆ ಧಾರಾಕಾರ ನೀರು, ದನಿ ಮಾತ್ರ ಸಮಾಧಾನವಾಗಿತ್ತು.

"ನಾನು ಆ ಕಡೆ ಇರ್ಲಿಲ್ಲ," ಅಂದ. "ಯಾರೋ ಇದ್ರಲ್ಲ... ಸಾಕು."

ಎಷ್ಟೋ ಹೊತ್ತಾದ್ಮೇಲೆ ನಾನು ಎದ್ದು ದೀಪ ಹಾಕಿದೆ. ನಂಬ್ತೀರೋ ಬಿಡ್ತೀರೋ, ನಿಮಗೆ ಬಿಟ್ಟಿದ್ದು. ಆ ತಟ್ಟೆ ಮುಟ್ಟಿದೋರು ಯಾರೂ ಇಲ್ಲ. ನಾನು ಕಾಲ ಹತ್ರ ಇದ್ದೆ, ಅಣ್ಣ ಎಡಗಡೆ ಇದ್ದ. ಅನ್ನ ಇಟ್ಟ ಹಾಗೇ ಇತ್ತು. ನೆಗ್ಗು ಮಾತ್ರ ಆಚೆ ಗೋಡೆ ಕಡೆ ಇತ್ತು.